ರೇಖಾಗಣಿತದ ಚಿತ್ರಗಳಿಗೆ ‘ಅಮೂರ್ತ’ ಸರಿಯಾದ ಪದವೇ?

ನಮಸ್ಕಾರ. ಬಣ್ಣಬಣ್ಣದ ಚೌಕ, ತ್ರಿಕೋನ, ವೃತ್ತ, ಪಟ್ಟೆಗಳಷ್ಟೇ ಇರುವ ಚಿತ್ರಗಳ ಪ್ರದರ್ಶನವೊಂದಕ್ಕೆ ಕನ್ನಡದಲ್ಲಿ ಪರಿಚಯ ಬರೆಯುತ್ತಿದ್ದೇನೆ. ಪ್ರತಿ ಚಿತ್ರದ ಪಕ್ಕ ಅಂಟಿಸುವ ಚಿಕ್ಕ ಚೀಟಿಗಳೂ ಅದರಲ್ಲಿ ಸೇರಿವೆ. ಇಂಥ ಚಿತ್ರಗಳನ್ನು ಇಂಗ್ಲಿಷಿನಲ್ಲಿ ಜಿಯೊಮೆಟ್ರಿಕ್ ಅಬ್‌ಸ್ಟ್ರಾಕ್ಟ್ ಅನ್ನುತ್ತಾರೆ. ನಾವು ‘ಜ್ಯಾಮಿತೀಯ ಅಮೂರ್ತ’ ಅಂತ ಬರೆದುಬಿಡುತ್ತೇವೆ. ಈ ಎರಡು ಪದ ಅಕ್ಕಪಕ್ಕ ಕೂತರೆ ಒಂದನ್ನೊಂದು ಅಲ್ಲಗಳೆಯುತ್ತವೆ ಅಲ್ವಾ?

ನಮ್ಮ ಮಾತಿನಲ್ಲಿ ಅಮೂರ್ತ ಅಂದರೆ ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು. ಪ್ರೀತಿ, ಭಯ, ನ್ಯಾಯ ಇಂಥವು. ಬಣ್ಣ ಚೆಲ್ಲಿ ಹರಡಿ, ಅಂಚೇ ಗೊತ್ತಾಗದ ಚಿತ್ರಕ್ಕೆ ಆ ಪದ ಹೇಗೋ ಹೊಂದುತ್ತದೆ. ಆದರೆ ಸ್ಕೇಲು ಹಿಡಿದು ಗೆರೆ ಎಳೆದು, ಟೇಪು ಅಂಟಿಸಿ ಅಂಚು ಬಿಡಿಸಿದ ಚಿತ್ರಕ್ಕೆ? ಅಲ್ಲಿ ಇರುವುದೇ ಆಕಾರ. ಅದನ್ನು ಆಕಾರವಿಲ್ಲದ್ದು ಅಂತ ಕರೆದರೆ ನೋಡಲು ಬಂದವರು ಗೊಂದಲಕ್ಕೆ ಬೀಳುತ್ತಾರೆ.

ಅಬ್‌ಸ್ಟ್ರಾಕ್ಟ್ ಅನ್ನುವ ಇಂಗ್ಲಿಷ್ ಪದದ ಮೂಲ ಲ್ಯಾಟಿನ್. ಎಳೆದು ತೆಗೆಯುವುದು, ಬೇರ್ಪಡಿಸುವುದು ಅಂತ ಅದರ ಅರ್ಥ. ಡಚ್ ಚಿತ್ರಕಾರ ಮೊಂಡ್ರಿಯಾನ್ 1911-12ರ ಹೊತ್ತಿಗೆ ಬರೆದ ಮರಗಳಿಗೆ ಇದು ಸರಿಯಾಗಿ ಕೂರುತ್ತದೆ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋದ ಹಾಗೆ ಎಲೆ, ಕೊಂಬೆ ಕಳಚಿ ಕೊನೆಗೆ ಬಾಗಿದ ಗೆರೆಗಳಷ್ಟೇ ಉಳಿಯುತ್ತವೆ. ಆದರೆ ರಷ್ಯಾದ ಚಿತ್ರಕಾರ ಮಾಲೆವಿಚ್ 1915ರಲ್ಲಿ ಪ್ರದರ್ಶನಕ್ಕಿಟ್ಟ ಕಪ್ಪು ಚೌಕದ ಹಿಂದೆ ಯಾವ ಮರವೂ ಇಲ್ಲ. ಅದು ಯಾವುದರಿಂದಲೂ ಎಳೆದು ತೆಗೆದದ್ದಲ್ಲ.

ಈ ತಕರಾರು ಚಿತ್ರಕಾರರಿಗೇ ಇತ್ತು. ಡಚ್ ಚಿತ್ರಕಾರ ಥಿಯೋ ವಾನ್ ಡೂಸ್‌ಬರ್ಗ್ 1930ರಲ್ಲಿ ಪ್ಯಾರಿಸ್ಸಿನಲ್ಲಿ, ತಾವು ಮಾಡುವುದು ಅಬ್‌ಸ್ಟ್ರಾಕ್ಟ್ ಅಲ್ಲ, ಕಾಂಕ್ರೀಟ್ ಅಂತ ವಾದಿಸಿದರು. ಗೆರೆ, ಬಣ್ಣ, ಮೇಲ್ಮೈ ಇವಕ್ಕಿಂತ ನಿಜವಾದದ್ದು ಬೇರೆ ಇಲ್ಲ ಅನ್ನುವುದು ಅವರ ನಿಲುವು. ಆ ಕಾಂಕ್ರೀಟಿಗೆ ಕನ್ನಡದಲ್ಲಿ ಏನನ್ನುತ್ತೇವೆ? ಮೂರ್ತ! ಒಂದೇ ಚಿತ್ರ ನಮ್ಮ ಚೀಟಿಯಲ್ಲಿ ಅಮೂರ್ತ, ಬರೆದವರ ಮಾತಿನಲ್ಲಿ ಮೂರ್ತ.

ಬೇರೆ ಪದಗಳನ್ನೂ ತೂಗಿ ನೋಡಿದೆ. ‘ನಿರಾಕಾರ’ ಅಂದರೆ ದೇವರ ಮಾತಾಗುತ್ತದೆ. ‘ನವ್ಯಕಲೆ’ ಕಾಲವನ್ನು ಹೇಳುತ್ತದೆ, ಬಗೆಯನ್ನಲ್ಲ. ‘ಹೋಲಿಕೆಯಿಲ್ಲದ ಚಿತ್ರ’ ಅಂದರೆ ಸರಿಸಾಟಿಯಿಲ್ಲದ್ದು ಅಂತ ಹೊಗಳಿದ ಹಾಗಾಗುತ್ತದೆ. ನನ್ನ ಒಲವು ‘ಆಕಾರಚಿತ್ರ’ದ ಕಡೆಗಿದೆ. ಚಿಕ್ಕ ಪದ, ಓದಿದ ಕೂಡಲೇ ತಿಳಿಯುತ್ತದೆ. ಅಮೂರ್ತ ಬೇರೂರಿದ ಪದ, ಅದನ್ನು ಕಿತ್ತುಹಾಕಿ ಅನ್ನುತ್ತಿಲ್ಲ. ತಲೆಬರಹದಲ್ಲಿ ಅದೇ ಇರಲಿ, ಚೀಟಿಗಳಲ್ಲಿ ಆಕಾರಚಿತ್ರ ಅಂತ ಬಳಸಿದರೆ ಹೇಗೆ? ಈ ಪದವನ್ನು ಬೇರೆ ಅರ್ಥದಲ್ಲಿ ಯಾರಾದರೂ ಬಳಸಿದ್ದು ಕಂಡಿದ್ದರೆ ತಿಳಿಸಿ.

ಇನ್ನೊಂದು ಪ್ರಶ್ನೆ ಬಣ್ಣದ್ದು. ಇದು ನನಗೆ ಇನ್ನೂ ಜಾಸ್ತಿ ತೊಡಕಾಗಿದೆ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಚಿತ್ರಕಾರ ಜೋಸೆಫ್ ಆಲ್ಬರ್ಸ್ 1950ರಲ್ಲಿ ಶುರು ಮಾಡಿ 1976ರಲ್ಲಿ ತೀರಿಕೊಳ್ಳುವವರೆಗೂ ಚೌಕದೊಳಗೆ ಚೌಕ ಇಟ್ಟು ಚಿತ್ರ ಬರೆದರು. ಬಣ್ಣವನ್ನು ಟ್ಯೂಬಿನಿಂದ ನೇರ ಹಲಗೆಗೆ ಹಾಕಿ ಚಾಕುವಿನಲ್ಲಿ ಹರಡುತ್ತಿದ್ದರು. ಯಾವ ಬಣ್ಣ ಅಂತ ಹಲಗೆಯ ಹಿಂದೆ ಬರೆದಿಡುತ್ತಿದ್ದರು. ಒಳಗಿನ ಚೌಕಗಳು ನಟ್ಟನಡುವೆ ಇರುವುದಿಲ್ಲ, ಸ್ವಲ್ಪ ಕೆಳಕ್ಕೆ ಇಳಿದಿರುತ್ತವೆ. ಇಷ್ಟು ಬಿಟ್ಟರೆ ಅಲ್ಲಿ ನೋಡುವುದೆಲ್ಲ ಬಣ್ಣ ಬಣ್ಣದ ನಡುವಿನ ವ್ಯತ್ಯಾಸವನ್ನೇ.

ಇಂಥ ಚಿತ್ರದ ಬಗ್ಗೆ ಬರೆಯುವಾಗ ‘ಕಡು’ ಕೈಕೊಡುತ್ತದೆ. ಕಡುಗೆಂಪು ಅಂದರೆ ಕೆಲವರಿಗೆ ಕಪ್ಪಿನ ಕಡೆ ವಾಲಿದ ಕೆಂಪು, ಕೆಲವರಿಗೆ ಕಣ್ಣು ಕುಕ್ಕುವ ಕೆಂಪು. ಎಷ್ಟು ಕಪ್ಪಗಿದೆ ಅನ್ನುವುದು ಬೇರೆ, ಎಷ್ಟು ಅಪ್ಪಟವಾಗಿದೆ ಅನ್ನುವುದು ಬೇರೆ. ‘ಗಾಢ’ದ ಕತೆಯೂ ಇದೇ. ಅಪ್ಪಟ ಬಣ್ಣಕ್ಕೆ ‘ಅಚ್ಚ’ ಚೆನ್ನಾಗಿ ಒಪ್ಪುತ್ತದೆ. ಅಚ್ಚ ಹಸಿರು ಅಂತ ಹೇಗೂ ಆಡುತ್ತೇವೆ. ಆಗ ಕಪ್ಪಿನತ್ತ ವಾಲಿದ್ದಕ್ಕೆ ಮಾತ್ರ ಕಡು ಅಂತ ಮೀಸಲಿಡಬಹುದು. ತೆಳು ಬಣ್ಣಕ್ಕೆ ತಿಳಿ, ನಸು, ಎಳೆ ಇವೆ.

ಕೊರತೆ ಇರುವುದು ಅಚ್ಚದ ಎದುರು ತುದಿಯಲ್ಲಿ. ಬೂದು ಬೆರೆತು ತಣ್ಣಗಾದ ಹಸಿರಿಗೆ ಏನನ್ನೋಣ? ‘ಮಾಸಲು’ ಅಂದರೆ ಕೊಳೆಯಾದ ಹಾಗೆ, ‘ಮಂಕು’ ಅಂದರೆ ಕಳೆಗುಂದಿದ ಹಾಗೆ. ಎರಡರಲ್ಲೂ ದೂರುವ ದನಿ ಇದೆ. ಆದರೆ ಚಿತ್ರಕಾರರು ಇಂಥ ಬೂದುಹಸಿರನ್ನು ಬೇಕೆಂದೇ ಆರಿಸಿರಬಹುದು, ಪಕ್ಕದ ಹಳದಿ ಉರಿಯಲಿ ಅಂತ. ಸೀರೆ ನೇಯುವವರು, ಬಣ್ಣ ಹಾಕುವವರು, ಮುದ್ರಣದ ಕೆಲಸದವರು ಇಂಥ ಬಣ್ಣಕ್ಕೆ ದಿನಾ ಆಡುವ ಪದ ಇದ್ದರೆ ದಯವಿಟ್ಟು ಬರೆಯಿರಿ. ಜೊತೆಗೆ ಒಂದು ಉದಾಹರಣೆ ವಾಕ್ಯವೂ ಇರಲಿ.