ತುರ್ತು: 'ಫ್ಲೈಯಿಂಗ್ ಬೋಟ್'ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮಕ್ಕಳ ಪತ್ರಿಕೆಗೆ ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದ ಬಗ್ಗೆ ಒಂದು ಬರಹ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು.

1931ರಲ್ಲಿ ಒಂಟಿಯಾಗಿ ಹಾರುತ್ತಿದ್ದ ಇಂಗ್ಲಿಷ್ ಸಾಹಸಿ ಫ್ರಾನ್ಸಿಸ್ ಚಿಚೆಸ್ಟರ್ ಅಲ್ಲಿಗೆ ಬಂದದ್ದು ಜಿಪ್ಸಿ ಮಾತ್ ವಿಮಾನದಲ್ಲಿ. ಚಕ್ರದ ಜಾಗದಲ್ಲಿ ಎರಡು ತೇಲುಗಾಲು. ರಾತ್ರಿ ಗಾಳಿಗೆ ಅದು ಮಗುಚಿಕೊಂಡಿತು. ಊರವರ ನೆರವಿನಿಂದ ಅಲ್ಲೇ ಮತ್ತೆ ಕಟ್ಟಿದರು. ಇದಕ್ಕೆ 'ತೇಲುವಿಮಾನ' ಎಂದು ಹಾಕಿದ್ದೇನೆ. ಆದರೆ 1947ರಿಂದ 1974ರವರೆಗೆ ಸಿಡ್ನಿಯ ರೋಸ್ ಬೇಯಿಂದ ಜನರನ್ನು ಕರೆತರುತ್ತಿದ್ದದ್ದು ಫ್ಲೈಯಿಂಗ್ ಬೋಟ್. ಅದರ ಹೊಟ್ಟೆಯೇ ದೋಣಿ. ಎರಡಕ್ಕೂ ಒಂದೇ ಪದ ಹಾಕಿದರೆ ತಪ್ಪಾಗುತ್ತೆ ಅಲ್ವಾ? ಅದು ಇಳಿಯುತ್ತಿದ್ದ ಲಗೂನಿಗೂ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲ ನೀರು) ಏನಾದರೂ ಬೇಕು. 'ವಿಮಾನ ನಿಲ್ದಾಣ' ಎಂದರೆ ಮಕ್ಕಳು ಕಟ್ಟಡ ಹುಡುಕುತ್ತಾರೆ.

ಮರು:
ಯೋಚಿಸೋಕೆ ಏನಿದೆ? 'ಬಾನೋಡ'. ಬಾನ್ + ಓಡ. ಓಡ ಅಂದರೆ ದೋಣಿ, ಕರಾವಳಿಯವರನ್ನು ಕೇಳಿ. ಆ 'ವಿಮಾನ'ವನ್ನು ಸಂಸ್ಕೃತಕ್ಕೇ ವಾಪಸು ಕೊಡಿ.

ಮರು:
ನೀವೇ ತಾನೇ ಎಲ್ಲ ವಿಮಾನಕ್ಕೂ ಬಾನೋಡ ಅಂತ ಬರೆಯುವವರು? ಈಗ ನಿಜವಾದ ದೋಣಿಯೇ ಹಾರಿಬಂದಾಗ ನಿಮ್ಮ ಬಳಿ ಪದ ಇಲ್ಲ. 'ಹಾರುದೋಣಿ' ಸಾಕು.

ಮರು:
ದೋಣಿಯೂ 'ದ್ರೋಣಿ'ಯ ತದ್ಭವ. ಅಚ್ಚಗನ್ನಡ ಅಂತ ಬೀಗಬೇಡಿ.

ಮರು:
ತಲೆಕೆಳಗೂ ಇರಬಹುದು. ತಮಿಳಿನಲ್ಲಿ ತೋಣಿ ಇದೆ. ಸಾಲ ತಂದದ್ದು ಸಂಸ್ಕೃತವೇ ಯಾಕಾಗಬಾರದು? ಸುಮ್ನೆ 'ರ'ಕಾರ ಕಂಡಲ್ಲೆಲ್ಲ ಕೈಮುಗಿಯುವುದು ಯಾವಾಗ ನಿಲ್ಲುತ್ತೋ.

ಮರು:
ಪಾಪ, ಅವರಿಗೆ ನಾಳೆ ಅಚ್ಚು. ಎರಡನೇ ಮಹಾಯುದ್ಧದಲ್ಲಿ ಎಚ್‌ಎಎಲ್‌ಗೆ ರಿಪೇರಿಗೆ ಬಂದ ಕ್ಯಾಟಲೀನಾ ಎಂಬ ಫ್ಲೈಯಿಂಗ್ ಬೋಟ್‌ಗಳು ನಮ್ಮ ಬೆಳ್ಳಂದೂರು ಕೆರೆಗೇ ಇಳಿದವು. ಅದನ್ನು ಬರೆದಾಗ ನಾನೂ ಹಾರುದೋಣಿ ಎಂದೇ ಹಾಕಿದ್ದೆ, ಯಾರೂ ಬೈಯಲಿಲ್ಲ. ಇಳಿಯುವ ಜಾಗಕ್ಕೆ 'ಇಳಿನೀರು'?

ಮರು:
ಆಗದು. ಇಳಿನೀರು ಅಂದರೆ ನಮ್ಮ ಕಡೆ ಇಳಿತದ ನೀರು ಅಂತಲೇ ಕೇಳಿಸುತ್ತೆ. ಆ ಲಗೂನಿನಲ್ಲಿ ಭರತ ಬಂದಾಗ ಮಾತ್ರ ಆಳ ಸಾಲುತ್ತಿತ್ತು. ನಿಮ್ಮ ಪದ ನಂಬಿ ಇಳಿಸಿದರೆ ದೋಣಿಯ ಹೊಟ್ಟೆ ಹವಳಕ್ಕೆ ತಾಗುತ್ತೆ.

ಮರು:
ಹಾರುದೋಣಿ ಹಾಕಿದೆ. ಲಗೂನ್ ಲಗೂನಾಗಿಯೇ ಇದೆ. 1974ರಲ್ಲಿ ಸೇನೆಯವರು ಕಟ್ಟಿಕೊಟ್ಟದ್ದಕ್ಕೆ 'ಓಡುದಾರಿ' ಎಂದಿದ್ದೇನೆ. ದಯವಿಟ್ಟು ಅದನ್ನು ಕೆದಕಬೇಡಿ.

ಮರು:
'ರನ್‌ವೇ'ಗೆ ಏನಾಗಿತ್ತು?