ಹಳೇ ಸಣ್ಣ ಕಾರಿನ ತುಕ್ಕು, ನೀರು, ಬಾಗಿಲು: ಮಿಸ್ತ್ರಿಗೆ ಕೇಳಿ

ಅಡ್ಮಿನ್: ಪುಣೆ–ಮುಂಬೈ ಕನ್ನಡಿಗರಿಗೆ ನಮಸ್ಕಾರ. ಮಳೆಗೆ ಇನ್ನು ಮೂರು ವಾರ. ಹತ್ತು–ಹದಿನೈದು ವರ್ಷ ದಾಟಿದ ಸಣ್ಣ ಕಾರು ಇಟ್ಟುಕೊಂಡವರು ಕಾರಿನ ಬಾಡಿಯ (ತಗಡು, ಬಾಗಿಲು, ಪೇಂಟ್) ಬಗ್ಗೆ ಇಲ್ಲಿ ಕೇಳಿ. ಭೋಸರಿಯಲ್ಲಿ ಟಿಂಕರಿಂಗ್–ಪೇಂಟಿಂಗ್ ಮಾಡುವ ನಮ್ಮ ಮಿಸ್ತ್ರಿಯವರು ರಾತ್ರಿವರೆಗೆ ಉತ್ತರಿಸುತ್ತಾರೆ. ಎಂಜಿನ್, ಮೈಲೇಜ್ ಪ್ರಶ್ನೆ ಇಂದು ಬೇಡ. ಯಾವ ಕಂಪನಿ ಕಾರು ಒಳ್ಳೆಯದು ಎಂಬ ಜಗಳವೂ ಬೇಡ.

ಕೋಥ್ರೂಡ್: ನಮಸ್ಕಾರ ಸರ್. 2009ರ ಕಾರು. ಹೆಡ್‌ಲೈಟ್ ಎರಡೂ ಹಳದಿಯಾಗಿವೆ, ರಾತ್ರಿ ರಸ್ತೆ ಕಾಣುವುದಿಲ್ಲ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುತ್ತದೆ ಅಂತ ವಿಡಿಯೋ ಬಂದಿದೆ. ಮಾಡಬಹುದಾ?

ಮಿಸ್ತ್ರಿ: ನಮಸ್ಕಾರ್ರೀ. ಅದು ಗಾಜಲ್ಲ, ಪಾಲಿಕಾರ್ಬೊನೇಟ್. ಹೊಸದಿದ್ದಾಗ ಮ್ಯಾಲೆ ಬಿಸಿಲು ತಡಿಯೋ ತೆಳು ಪದರ ಇರ್ತೈತಿ. ಅದು ಸುಟ್ಟು ಹೋದಾಗ ಹಳದಿ ಆಗತೈತಿ. ಟೂತ್‌ಪೇಸ್ಟ್ ಉಳಿದ ಪದರಾನೂ ಕೆರೆದು ತಗೀತೈತಿ. ನಾಕು ದಿನ ಫಳಫಳ, ಆಮೇಲೆ ಮತ್ತ ಅದೇ. ಸರಿಯಾಗಿ ಮಾಡೋದಾದ್ರ ಸುತ್ತ ಟೇಪ್ ಹಚ್ಚಿ, 800, 1500, 2000 ನಂಬರ್ ನೀರು ಕಾಗದದಿಂದ (ನೀರು ಹಾಕಿ ತಿಕ್ಕೋ ಸ್ಯಾಂಡ್‌ಪೇಪರ್) ಅದೇ ಕ್ರಮದಾಗ ತಿಕ್ಕಬೇಕು. ಒಣಗಿದ ಮ್ಯಾಲೆ ಬಿಸಿಲಿನ ಯುವಿ ಕಿರಣ ತಡಿಯೋ ಟು–ಕೆ ಕ್ಲಿಯರ್ (ಹಾರ್ಡ್‌ನರ್ ಬೆರೆಸೋ, ಬಣ್ಣ ಇಲ್ಲದ ಪೇಂಟ್) ಹೊಡೀಬೇಕು. ಕ್ಲಿಯರ್ ಹೊಡೀದ ಬರೀ ಪಾಲಿಶ್ ಮಾಡಿ ಕೊಟ್ರ ಅದು ಅರ್ಧ ಕೆಲಸ. ಒಳಗಿನ ರಿಫ್ಲೆಕ್ಟರ್ ಕಪ್ಪಾಗಿದ್ರ ಇದ್ಯಾವುದೂ ಉಪಯೋಗ ಇಲ್ಲ, ಅಸೆಂಬ್ಲಿನೇ ಬದಲಿಸ್ರಿ.

ಹಡಪ್ಸರ್: ಅಣ್ಣಾರ, ಡ್ರೈವರ್ ಬಾಗಿಲು ಜೋರಾಗಿ ಬಡಿದ್ರಷ್ಟೇ ಲಾಕ್ ಆಗ್ತದ. ಗ್ಯಾರೇಜಿನಾಗ ಲಾಕ್ ಸಿಕ್ಕೋ ಕೊಂಡಿ ಕೆಳಗ ಸರಿಸಿ ಕೊಟ್ಟಾರ. ಎರಡು ತಿಂಗಳಿಗೆ ಮತ್ತ ಅದೇ ಕಥಿ ಅದ.

ಮಿಸ್ತ್ರಿ: ಕೊಂಡಿ ಸರಿಸಿದ್ದೇ ತಪ್ಪು. ಬಾಗಿಲು ಅರ್ಧ ತೆರೀರಿ, ಹಿಂದಿನ ತುದಿ ಕೆಳಗ ಎರಡೂ ಕೈ ಕೊಟ್ಟು ಎತ್ತಿ ಬಿಡ್ರಿ. ಹಿಂಜ್ ಹತ್ರ ಮ್ಯಾಲೆ–ಕೆಳಗ ಆಟ ಕಂಡ್ರ ಪಿನ್, ಬುಶ್ ಸವೆದಾವ. ಹಿಂಜ್ ಬೋಲ್ಟಿನದಾದ್ರ ಹಳೇದು ಕೂತ ಜಾಗಕ್ಕ ಸುತ್ತ ಗೆರಿ ಹಾಕ್ಕೊಂಡು ಹೊಸದು ಕೂಡ್ರಸ್ರಿ. ವೆಲ್ಡ್ ಆಗಿದ್ದಾದ್ರ ಪಿನ್ ಬಡಿದು ತಗದು ಬುಶ್ ಹಾಕಬೇಕು. ಕೊಂಡಿ ಮುಟ್ಟೋದು ಎಲ್ಲಾ ಮುಗಿದ ಮ್ಯಾಲೆ. ಹಿಂಜ್‌ನ್ಯಾಗ ಆಟ ಇಲ್ಲದ ಬಾಗಿಲು ಇಳಿದಿದ್ರ ಪಿಲ್ಲರ್ (ಬಾಗಿಲು ಹಿಡಿದ ಕಂಬ) ತಗಡು ಬಿರುಕು ಬಿಟ್ಟಿರ್ತೈತಿ. ಟಾರ್ಚ್ ಹಿಡಿದು ಹಿಂಜ್ ಬುಡ ನೋಡ್ರಿ.

ಠಾಣೆ: ಸರ್, ಬಾನೆಟ್ ಮತ್ತು ಟಾಪ್ ಮೇಲೆ ಕ್ಲಿಯರ್ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದೆ. ಒಟ್ಟು ರೇಟ್ ಎಷ್ಟಾಗುತ್ತದೆ?

ಮಿಸ್ತ್ರಿ: ಎದ್ದ ಕ್ಲಿಯರ್‌ಗೆ ಪಾಲಿಶ್, ವ್ಯಾಕ್ಸ್, ಸೆರಾಮಿಕ್ ಯಾವುದೂ ಹತ್ತೂದಿಲ್ಲ. ಇಡೀ ಪ್ಯಾನಲ್ ತಿಕ್ಕಿ ಬೇಸ್ (ಬಣ್ಣದ ಪದರ), ಕ್ಲಿಯರ್ ಎರಡೂ ಹೊಡೀಬೇಕು.

ವಸೈ: ಸರ್ ನಮಸ್ಕಾರ. 2007ರ ಕಾರು, ಸಿಎನ್‌ಜಿ ಇದೆ. ಮೊನ್ನೆ ಪಂಕ್ಚರ್ ಆದಾಗ ಎಡಗಡೆ ಜ್ಯಾಕ್ ಕೊಟ್ಟೆವು. ಕರಕರ ಸದ್ದಾಗಿ ಜ್ಯಾಕ್ ರನ್ನಿಂಗ್ ಬೋರ್ಡ್ ಒಳಗೇ ಹೋಯಿತು. ಟೈರ್ ನೆಲದಿಂದ ಏಳಲೇ ಇಲ್ಲ. ಹೊರಗಿನಿಂದ ನೋಡಿದರೆ ಪೇಂಟ್ ಚೆನ್ನಾಗಿಯೇ ಇದೆ, ಎರಡು ಗುಳ್ಳೆ ಬಿಟ್ಟರೆ. ಹಿಂದಿನ ಎಡ ಬಾಗಿಲು ಈಗ ಸ್ವಲ್ಪ ಬಿಗಿ. ಪರಿಚಯದ ಗ್ಯಾರೇಜಿನವರು ಮೇಲೆ ತಗಡು ಇಟ್ಟು ರಿವೆಟ್ ಹೊಡೆದು ಪುಟ್ಟಿ ಹಾಕಿ ಪೇಂಟ್ ಮಾಡಿಕೊಡುತ್ತೇವೆ, ಒಂದೇ ದಿನದ ಕೆಲಸ ಎಂದಿದ್ದಾರೆ. ಮಾಡಿಸಲಾ?

ಮಿಸ್ತ್ರಿ: ಮಾಡಿಸಬ್ಯಾಡ್ರಿ. ಇದನ್ನ ಎಲ್ಲಾರೂ ಓದ್ರಿ, ಹಂಗಾಗಿ ಉದ್ದ ಬರೀತೀನಿ.

ಇಂಥ ಕಾರಿಗೆ ಕೆಳಗ ಬ್ಯಾರೆ ಚಾಸಿ (ಭಾರ ಹೊರೋ ಚೌಕಟ್ಟು) ಇಲ್ಲ. ಬಾಡಿನೇ ಚಾಸಿ. ರನ್ನಿಂಗ್ ಬೋರ್ಡ್ ಅಂತೀವಲ್ಲ, ಬಾಗಿಲ ಕೆಳಗಿನ ಪೆಟ್ಟಿಗಿ, ಅದು ಮನಿಗೆ ತೊಲಿ ಇದ್ದಂಗ. ಮುಂದಿನ ಪಿಲ್ಲರ್, ನಡುವಿನ ಪಿಲ್ಲರ್, ಫ್ಲೋರ್ ಮೂರನ್ನೂ ಅದೇ ಹಿಡಿದಿರ್ತೈತಿ. ಸೀಟ್ ಬೆಲ್ಟಿನ ಬೋಲ್ಟೂ ಅದರ ಬುಡದಾಗೇ ಇರ್ತೈತಿ. ಬಾಗಿಲು ಬಿಗಿ ಆಗೇತಿ ಅಂದ್ರಲ್ಲ, ನನಗ ಭಯ ಇರೋದು ಅಲ್ಲೇ. ತುಕ್ಕು ಬರೀ ಹೊರಗಿನ ಸಿಪ್ಪಿಗೆ ಅಲ್ಲ, ಒಳಗಿನ ಪಟ್ಟಿಗೂ ಹೋಗಿ ಬಾಡಿ ಕುಸೀಲಿಕ್ಕೆ ಶುರು ಆಗಿರಬೇಕು.

ಪೇಂಟ್ ಯಾಕ ಚೊಲೋ ಕಾಣತೈತಿ ಅಂದ್ರ ಇದು ಒಳಗಿನಿಂದ ಹೊರಗ ತಿಂದು ಬರೋ ರೋಗ. ಬಾಗಿಲಿನ ನೀರು, ಕಾರ್ಪೆಟ್ ನೀರು ಪೆಟ್ಟಿಗಿ ಒಳಗ ಇಳೀತೈತಿ. ಕೆಳಗಿನ ತೂತು ಕೆಸರಿನಿಂದ ಮುಚ್ಚಿದ್ರ ಅಲ್ಲೇ ನಿಲ್ಲತೈತಿ. ನಿಮ್ಮ ಕಡೆ ಗಾಳ್ಯಾಗ ಉಪ್ಪು ಬ್ಯಾರೆ. ಹೊರಗ ಗುಳ್ಳೆ ಕಾಣೋ ಹೊತ್ತಿಗೆ ಒಳಗ ತಗಡು ಕಾಗದ ಆಗಿರ್ತೈತಿ.

ಇವತ್ತೇ ನೋಡ್ರಿ. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ತಗೀರಿ, ಕಾರ್ಪೆಟ್ ಎತ್ತರಿ. ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ಎರಡೆರಡು ಇಂಚಿಗೆ ತಟ್ಟರಿ. ಟಣ್ ಅಂದ್ರ ಗಟ್ಟಿ, ಡಬ್ ಅಂದ್ರ ಒಳಗ ತುಕ್ಕಿನ ಪುಡಿ. ಡಬ್ ಅಂದಲ್ಲಿ ತುದಿಯಿಂದ ಒತ್ತರಿ, ಒಳಗ ಹೋದಲ್ಲೆಲ್ಲಾ ಗುರುತು ಹಾಕ್ಕೊಂತ ಹೋಗ್ರಿ. ಬಲಗಡೆನೂ ನೋಡ್ರಿ.

ರಿವೆಟ್ ಯಾಕ ಬ್ಯಾಡ: ರಿವೆಟ್ಟಿಗೆ ಹಿಡಿಯಾಕ ಗಟ್ಟಿ ತಗಡು ಬೇಕು, ಅದೇ ಇಲ್ಲ. ಮ್ಯಾಲಿನ ತಗಡಿಗೂ ಕೆಳಗಿನ ತುಕ್ಕಿಗೂ ನಡುವ ನೀರು ನಿಂತು ಇನ್ನೂ ಜೋರಾಗಿ ತಿಂತೈತಿ. ಪುಟ್ಟಿ ನೀರು ಹೀರತೈತಿ. ಒಂದು ಮಳಿಗಾಲದಾಗ ಎದ್ದು ಬರತೈತಿ, ಅಷ್ಟರಾಗ ಒಳಗಿಂದು ಪೂರಾ ಹೋಗಿರ್ತೈತಿ.

ಸರಿ ಕೆಲಸ ಹಿಂಗ. ಮೊದಲು ಲೈಸೆನ್ಸ್ ಇರೋ ಫಿಟ್ಟರ್ ಕಡೆಯಿಂದ ಸಿಎನ್‌ಜಿ ಸಿಲಿಂಡರ್ ಇಳಿಸ್ರಿ. ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಕೆಳಗ ಇದ್ರ ಅದನ್ನೂ ಇಳಿಸಬೇಕು. ಬ್ಯಾಟರಿ ಕನೆಕ್ಷನ್ ಬಿಚ್ಚಬೇಕು. ಫ್ಲೋರ್ ಕೆಳಗ ಪೆಟ್ರೋಲ್ ಪೈಪು, ಬ್ರೇಕ್ ಪೈಪು ಯಾವ ಕಡೆ ಹೋಗ್ಯಾವ ನೋಡಿ ಸರಿಸಬೇಕು. ಸೀಟು, ಕಾರ್ಪೆಟ್ ಹೊರಗ. ಆಮೇಲೆ ಕಾರು ನಾಕೂ ಕಡೆ ಗಟ್ಟಿ ಜಾಗದ ಮ್ಯಾಲೆ ಸಮ ಕೂಡ್ರಿಸಿ, ಬಾಗಿಲಿನ ಗ್ಯಾಪ್ ಅಳತಿ ಬರೆದಿಟ್ಟು, ಬಾಗಿಲ ಬಾಯಿಗೆ ಅಡ್ಡ ಪೈಪ್ ಟ್ಯಾಕ್ (ಕೆಲಸ ಮುಗಿಯೋವರೆಗೆ ಚುಕ್ಕಿ ವೆಲ್ಡ್) ಮಾಡಬೇಕು. ಇದನ್ನ ಬಿಟ್ಟು ಪೆಟ್ಟಿಗಿ ಕತ್ತರಿಸಿದ್ರ ಬಾಡಿ ಇನ್ನೂ ಕುಸೀತೈತಿ, ಹೊಸ ತಗಡು ಹಾಕಿದ ಮ್ಯಾಲೆ ಬಾಗಿಲು ಎಂದೂ ಹತ್ತೂದಿಲ್ಲ.

ಗುರುತಿನಿಂದ ಒಂದಿಂಚು ಆಚೆ, ಹೊಳಿಯೋ ಗಟ್ಟಿ ತಗಡು ಸಿಗೋವರೆಗೆ ಕತ್ತರಿಸಬೇಕು. ಒಳಪಟ್ಟಿ ಮೊದಲು, ಹೊರಸಿಪ್ಪಿ ಆಮೇಲೆ. 20 ಗೇಜ್ ಸಿಆರ್ (ಕೋಲ್ಡ್ ರೋಲ್ಡ್) ತಗಡು, ಅಂದ್ರ 0.9 ಎಂಎಂ. ಜ್ಯಾಕ್ ಕೊಡೋ ಜಾಗಕ್ಕ ಒಳಗ ಇನ್ನೊಂದು ಪಟ್ಟಿ, 18 ಗೇಜ್. ಸಿಒಟು ವೆಲ್ಡಿಂಗ್ (ಕರೆಂಟಿನದು), 0.8 ಎಂಎಂ ವೈರ್. ಬೆಂಕಿಯ ಗ್ಯಾಸ್ ವೆಲ್ಡಿಂಗ್ ಬ್ಯಾಡ, ತೆಳು ತಗಡು ಡೊಂಕಾಗತೈತಿ. ಕೆಳಗಿನ ಅಂಚಿಗೆ 25–30 ಎಂಎಂಗೆ ಒಂದೊಂದು ತೂತು ಹೊಡೆದು, ಅದನ್ನ ತುಂಬೋ ಪ್ಲಗ್ ವೆಲ್ಡ್. ಜೋಡೋ ಮುಂಚೆ ಎರಡೂ ಮುಖಕ್ಕ ಜಿಂಕ್ ಪ್ರೈಮರ್. ಹೊರಗ ಎಪಾಕ್ಸಿ ಪ್ರೈಮರ್, ಜಾಯಿಂಟಿಗೆ ಸೀಲರ್. ಪೇಂಟ್ ಒಣಗಿದ ಮ್ಯಾಲೆ ಪೆಟ್ಟಿಗಿ ಒಳಗ ಉದ್ದ ನಳಿಗಿ ಹಾಕಿ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡಿಯೋ ಮೇಣ). ಕೆಳಗಿನ ನೀರು ತೂತು ಮುಚ್ಚಿಲ್ಲ ಅಂತ ನೀವೇ ಬಗ್ಗಿ ನೋಡ್ರಿ.

ಡಿಕ್ಕಿ ಫ್ಲೋರೂ ನೋಡಿಸ್ರಿ. ಸಿಲಿಂಡರ್ ಬ್ರ್ಯಾಕೆಟ್ ಬೋಲ್ಟ್ ಸುತ್ತ ತುಕ್ಕು ಇದ್ರ ಹಂಗೇ ವಾಪಸ್ ಕೂಡ್ರಸಬಾರದು. ಸಿಲಿಂಡರಿನ ಹೈಡ್ರೋ ಟೆಸ್ಟಿನ (ನೀರಿನ ಒತ್ತಡದ ಪರೀಕ್ಷೆ) ಮೂರು ವರ್ಷದ ಅವಧಿ ಮುಗಿದಿದ್ರ ಇಳಿಸಿದಾಗಲೇ ಮಾಡಿಸ್ರಿ.

ಚಿಂಚ್ವಡ್: ಇದಕ್ಕೆಲ್ಲ ಇಷ್ಟು ಖರ್ಚು ಯಾಕೆ? ಫಾರ್ವರ್ಡ್ ಆಗಿ ಬಂದದ್ದು ಹಾಕುತ್ತಿದ್ದೇನೆ: "ಹಳೇ ಎಂಜಿನ್ ಆಯಿಲ್ ಅರ್ಧ, ಡೀಸೆಲ್ ಅರ್ಧ ಬೆರೆಸಿ ಕಾರಿನ ಅಡಿಗೆ ಸ್ಪ್ರೇ ಮಾಡಿ. ಹತ್ತು ವರ್ಷ ತುಕ್ಕು ಬರುವುದಿಲ್ಲ. ತೂತಿದ್ದರೆ ಎಂ–ಸೀಲ್ ತುಂಬಿ."

ಮಿಸ್ತ್ರಿ: ಮಾಡಬ್ಯಾಡ್ರಿ. ಸಸ್ಪೆನ್ಷನ್ ಬುಶ್ ರಬ್ಬರ್ ಎಣ್ಣಿಗೆ ಉಬ್ಬಿ ಮೆತ್ತಗಾಗತಾವ. ಬ್ರೇಕ್ ಡಿಸ್ಕಿಗೆ, ಲೈನರ್‌ಗೆ ಹನಿ ಬಿದ್ರ ಬ್ರೇಕ್ ಹಿಡಿಯೂದಿಲ್ಲ. ಸೈಲೆನ್ಸರ್ ಮ್ಯಾಲೆ ಬಿದ್ದಿದ್ದು ಹೊಗಿ ಆಗತೈತಿ. ಮುಂದ ಅಲ್ಲೇ ವೆಲ್ಡಿಂಗ್ ಮಾಡಾಕ ಬಂದ್ರ ಬೆಂಕಿ ಹತ್ತತೈತಿ, ಪ್ರೈಮರ್ ಹಿಡಿಯೂದಿಲ್ಲ. ಎಂ–ಸೀಲ್ ಮನಿ ನೀರಿನ ಪೈಪಿಗೆ, ಟ್ಯಾಂಕಿಗೆ. ಬಾಡಿ ತೂತಿಗೆ ಅಲ್ಲ.

ಡೊಂಬಿವಲಿ: ಅದಕ್ಕೇ ರಬ್ಬರ್ ಅಂಡರ್‌ಕೋಟಿಂಗ್ ಮಾಡಿಸಿದರೆ ಆಯ್ತಲ್ಲ ಮಾರಾಯ್ರೆ. ನಮ್ಮ ಕಡೆ ಎಲ್ಲರೂ ಮಾಡಿಸ್ತಾರೆ, ಒಂದು ತೊಂದರೆ ಉಂಟಾ?

ಚಿಂಚ್ವಡ್: ಕೋಟಿಂಗ್ ಎಲ್ಲ ದುಡ್ಡು ಹೊಡೆಯುವ ದಂಧೆ. ಕೆಳಗೆ ತುಕ್ಕು, ಮೇಲೆ ಡಾಂಬರು. ಎರಡು ವರ್ಷಕ್ಕೆ ಹಾಳೆ ಹಾಳೆಯಾಗಿ ಬೀಳುತ್ತದೆ.

ಡೊಂಬಿವಲಿ: ತುಕ್ಕಿನ ಮೇಲೆ ಹೊಡೆದರೆ ಬೀಳ್ತದೆ. ಹೊಸದರಲ್ಲಿ ಹೊಡೆದರೆ ಯಾಕೆ ಬೀಳ್ತದೆ? ಹಳೇ ಎಣ್ಣೆ ಸ್ಪ್ರೇ ಮಾಡಿ ಅಂದವರು ದಂಧೆ ಬಗ್ಗೆ ಹೇಳುವುದು ಬೇಡ.

ಚಿಂಚ್ವಡ್: ನಾನು ಬಂದದ್ದನ್ನು ಹಾಕಿದೆ ಅಷ್ಟೇ. ಇಲ್ಲಿ ಮಾತಾಡುತ್ತಿರುವುದು ಹಳೇ ಕಾರಿನ ಬಗ್ಗೆ, ಹೊಸದಲ್ಲ. ಪ್ರಶ್ನೆ ಓದಿ.

ಮುಲುಂಡ್: ಇಬ್ಬರೂ ಸ್ವಲ್ಪ ತಡೆಯಿರಿ. ಮಿಸ್ತ್ರಿ ಅವರೇ, ಮುಂದಿನ ಎಡಗಡೆ ಕಾಲಿಡುವ ಜಾಗದಲ್ಲಿ ಕಾರ್ಪೆಟ್ ಒದ್ದೆ. ಬೀಡಿಂಗ್ ಬದಲಿಸಿದೆವು, ಮುಂದಿನ ಗಾಜಿಗೆ ಸಿಲಿಕಾನ್ ಹಚ್ಚಿಸಿದೆವು, ನಿಲ್ಲಲಿಲ್ಲ.

ಮಿಸ್ತ್ರಿ: ಒಣ ದಿನಾನೂ ಒದ್ದಿನಾ, ಮಳಿ ಬಂದಾಗ ಮಾತ್ರನಾ?

ಮುಲುಂಡ್: ಎರಡೂ. ಎಸಿ ಹಾಕಿ ದೂರ ಹೋದ ದಿನವೂ ಇರುತ್ತದೆ. ಮಳೆಯಲ್ಲಿ ಜಾಸ್ತಿ.

ಮಿಸ್ತ್ರಿ: ಹಂಗಾದ್ರ ಎರಡು ರೋಗ ಅದಾವ, ಒಂದೇ ಅಂತ ಹುಡುಕಿದ್ದಕ್ಕ ಸಿಕ್ಕಿಲ್ಲ. ಎಸಿ ಹಾಕಿ ಹದಿನೈದು ನಿಮಿಷ ನಿಂತಲ್ಲೇ ಬಿಟ್ಟು ಕಾರಿನ ಕೆಳಗ ನೋಡ್ರಿ. ನೀರು ತೊಟ್ಟಿಕ್ಕಲಿಲ್ಲ ಅಂದ್ರ ಡ್ರೈನ್ ಪೈಪ್ ಮುಚ್ಚೇತಿ. ಕೆಳಗಿನಿಂದ ಮೆತ್ತನ ವೈರ್ ಹಾಕಿ ತಗೀರಿ, ಕಂಪ್ರೆಸರ್ ಗಾಳಿ ಜೋರಾಗಿ ಬಿಡಬ್ಯಾಡ್ರಿ, ಒಳಗ ಪೈಪ್ ಕಳಚತೈತಿ. ಬೆರಳಿಗೆ ಹತ್ತಿದ ನೀರು ಅಂಟಂಟು, ಸಿಹಿ ವಾಸನಿ ಇದ್ರ ಅದು ಹೀಟರ್ ಕೂಲೆಂಟ್, ಬ್ಯಾರೆ ಕೆಲಸ.

ಮಳಿ ನೀರಿಗೆ ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಳಿಗಿ ಬಿಚ್ಚರಿ. ಗಿಡದ ಕೆಳಗ ನಿಲ್ಲಿಸೋ ಕಾರಾದ್ರ ಎಲಿ ಕೊಳೆತು ಕಪ್ಪು ಗೊಬ್ಬರ ಆಗಿ ಎರಡೂ ಬದಿ ನೀರು ಹೋಗೋ ದಾರಿ ಮುಚ್ಚಿರ್ತೈತಿ. ತುಂಬಿದ ನೀರು ಬ್ಲೋವರ್ (ಎಸಿ ಗಾಳಿ ಫ್ಯಾನ್) ಬಾಯಿಂದ ಒಳಗ ಇಳೀತೈತಿ. ಬ್ಲೋವರ್ ಎಡಗಡೆ ಇರೋದಕ್ಕ ಎಡಗಡೆ ಕಾರ್ಪೆಟ್ಟೇ ಒದ್ದಿ. ಅದೂ ಸರಿ ಇದ್ರ ಬಾಗಿಲಿನ ಟ್ರಿಮ್ ತಗೀರಿ. ಸ್ಪೀಕರ್ ಹಾಕೋವಾಗ ಒಳಗಿನ ಪ್ಲಾಸ್ಟಿಕ್ ಹಾಳಿ ಹರಿದು ಬಿಟ್ಟಿರ್ತಾರ. ಹೊಸ ಹಾಳಿ ಬ್ಯುಟೈಲ್ (ಅಂಟು ರಬ್ಬರ್) ಟೇಪಿನಿಂದ ಅಂಟಿಸ್ರಿ. ಪೈಪ್ ಹಿಡಿದು ನೀರು ಬಿಟ್ಟು ನೋಡೋದಾದ್ರ ಕೆಳಗಿನಿಂದ ಮ್ಯಾಲೆ ಹೋಗ್ರಿ, ಒಂದೊಂದು ಜಾಗಕ್ಕ ಐದು ನಿಮಿಷ, ಒಳಗ ಒಬ್ಬರು ಟಾರ್ಚ್ ಹಿಡಿದು ಕೂಡ್ರಬೇಕು. ಗಾಜಿಗೆ ಹಚ್ಚಿದ ಸಿಲಿಕಾನ್ ಪೂರಾ ಕೆರೆದು ತಗೀರಿ. ಅದರ ಅಡಿ ಫ್ರೇಮ್ ತುಕ್ಕು ಹಿಡೀತೈತಿ.

ವಾಸ್ಕೊ: ಬಾಗಿಲಿನ ಕೆಳ ಅಂಚು ಪೂರ್ತಿ ತುಕ್ಕು. ಬಾಗಿಲು ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು. ಕೋಲಾ ಹಾಕಿ ತೊಳೆದರೆ ತುಕ್ಕು ಹೋಗುತ್ತದಾ?

ಮಿಸ್ತ್ರಿ: ಇಲ್ಲ. ಕೆಳ ಅಂಚಿನ ನೀರು ತೂತು ಪ್ಲಾಸ್ಟಿಕ್ ಕೇಬಲ್ ಟೈನಿಂದ ಬಿಡಿಸ್ರಿ, ಸ್ಕ್ರೂಡ್ರೈವರ್ ಬ್ಯಾಡ. ತಗಡು ತೂತಾಗಿರದಿದ್ರ ವೈರ್ ಬ್ರಶ್, ಫಾಸ್ಫರಿಕ್ ಕನ್ವರ್ಟರ್ (ತುಕ್ಕಿಗೆ ಹಚ್ಚೋ ಆಮ್ಲ), ಎಪಾಕ್ಸಿ ಪ್ರೈಮರ್. ತೂತಾಗಿದ್ರ ಕತ್ತರಿಸಿ ಪಟ್ಟಿ.

ಐರೋಲಿ: ಸರ್, ಹೆಡ್‌ಲೈಟ್ ಹಳದಿ ಆಗಿದೆ, ಏನು ಮಾಡಲಿ?

ಮಿಸ್ತ್ರಿ: ಮ್ಯಾಲೆ ಬರೆದೇನಿ.

ಠಾಣೆ: ಬಾನೆಟ್, ಟಾಪ್ ರೇಟ್ ಹೇಳಲಿಲ್ಲ ಸರ್.

ಸಾಂಗ್ಲಿ ರೋಡ್: ಬೆಳ್ಳಿ ಬಣ್ಣದ ಕಾರು. ಒಂದೇ ಬಾಗಿಲು ಪೇಂಟ್ ಮಾಡಿಸಿದರೆ ಶೇಡ್ ಬೇರೆ ಕಾಣುತ್ತದೆ. ಯಾಕೆ?

ಚಿಂಚ್ವಡ್: ಅಂಡರ್‌ಕೋಟಿಂಗ್ ಬಗ್ಗೆ ಮಿಸ್ತ್ರಿಯವರೇ ಹೇಳಲಿ, ಯಾರದು ಸರಿ ಅಂತ.

ಮಿಸ್ತ್ರಿ: ಕೋಟಿಂಗ್ ಔಷಧ ಅಲ್ಲ, ಛತ್ರಿ. ತುಕ್ಕು ಪೂರಾ ತಗದು, ಎಪಾಕ್ಸಿ ಹೊಡೆದು, ಸೀಲರ್ ಹಾಕಿದ ಮ್ಯಾಲೆ ಹೊಡೆದ್ರ ಚೊಲೋ. ತೊಳೆದು ಅರ್ಧ ತಾಸಿನಾಗ ಹೊಡೆದು ಕೊಡೋದು ಬ್ಯಾಡ. ನೀರು ತೂತು, ಸೈಲೆನ್ಸರ್, ಎಕ್ಸೆಲ್ ಬೂಟ್ (ಎಕ್ಸೆಲ್ ತುದಿಯ ರಬ್ಬರ್ ಚೀಲ) ಮುಚ್ಚಬಾರದು. ಅಷ್ಟೇ.

ಡೊಂಬಿವಲಿ: ನಾನು ಹೇಳಿದ್ದೂ ಅದೇ.

ಚಿಂಚ್ವಡ್: ಅಲ್ಲ, ನೀವು "ಒಂದು ತೊಂದರೆ ಉಂಟಾ" ಅಂದಿರಿ. ವಸೈಯವರೇ, ನಿಜ ಹೇಳಬೇಕೆಂದರೆ ಆ ಕಾರನ್ನು ಸ್ಕ್ರ್ಯಾಪ್‌ಗೆ ಕೊಡಿ.

ವಸೈ: ಆರ್‌ಟಿಒದಲ್ಲಿ 5,000 ರೂಪಾಯಿ ಕಟ್ಟಿ, ಮೇಲೆ ಹಳೇ ಗಾಡಿಯ ಗ್ರೀನ್ ಟ್ಯಾಕ್ಸ್ ಕಟ್ಟಿ ಐದು ವರ್ಷಕ್ಕೆ ನೋಂದಣಿ ಮುಂದುವರಿಸಿದ್ದೇವೆ. ಸ್ಕ್ರ್ಯಾಪ್ ಸಲಹೆ ನಾನು ಕೇಳಿಲ್ಲ.

ಚಿಂಚ್ವಡ್: ಜೀವಕ್ಕಿಂತ 5,000 ಹೆಚ್ಚಾ?

ಡೊಂಬಿವಲಿ: ಮಾತಿಗೂ ಒಂದು ಮಿತಿ ಬೇಕು. ಬೆಳಿಗ್ಗೆಯಿಂದ ನೋಡ್ತಾ ಇದ್ದೇನೆ.

ಅಡ್ಮಿನ್: ವೈಯಕ್ತಿಕ ಮಾತು ನಿಲ್ಲಿಸಿ. ಇನ್ನೊಂದು ಬಂದರೆ ಮ್ಯೂಟ್ ಮಾಡುತ್ತೇನೆ.

ವಸೈ: ಮಿಸ್ತ್ರಿ ಸರ್, ನೀವು ಹೇಳಿದಂತೆ ತಟ್ಟಿ ನೋಡಿದೆವು. ಎಡಗಡೆ ನಡುವಿನ ಪಿಲ್ಲರ್‌ನಿಂದ ಹಿಂದಕ್ಕೆ ಸುಮಾರು ಹದಿನಾಲ್ಕು ಇಂಚು ಸ್ಕ್ರೂಡ್ರೈವರ್ ಒಳಗೆ ಹೋಗುತ್ತದೆ. ಒಳಪಟ್ಟಿಯೂ ಪುಡಿ. ಬೆಲ್ಟ್ ಬೋಲ್ಟ್ ಸುತ್ತ ಎರಡು ಇಂಚು ಗಟ್ಟಿ ಇದೆ. ಬಲಗಡೆ ಒಂದು ಕಡೆ ಮಾತ್ರ ಡಬ್ ಅಂದಿತು. ನಾಳೆ ಗ್ಯಾರೇಜಿಗೆ ಓಡಿಸಿಕೊಂಡು ಹೋಗಲಾ?

ಮಿಸ್ತ್ರಿ: ಓಡಿಸಬ್ಯಾಡ್ರಿ. ಹದಿನಾಲ್ಕು ಇಂಚು ಅಂದ್ರ ಆ ಕಡೆ ತೊಲಿನೇ ಇಲ್ಲ. ಇಡೀ ಕಾರು ಹೇರೋ ಫ್ಲ್ಯಾಟ್‌ಬೆಡ್ ಲಾರಿ ತರಿಸ್ರಿ, ಮುಂದಿನ ಗಾಲಿ ಎತ್ತಿ ಎಳಿಯೋ ಕ್ರೇನ್ ಬ್ಯಾಡ. ಸಿಲಿಂಡರ್ ವಾಲ್ವ್ ಕೈಯಿಂದ ಬಂದ್ ಮಾಡ್ರಿ. ಎಡಗಡೆ ಜ್ಯಾಕ್ ಮತ್ತ ಕೊಡಬ್ಯಾಡ್ರಿ. ಬೆಲ್ಟ್ ಬೋಲ್ಟ್ ಸುತ್ತ ಗಟ್ಟಿ ಇರೋದು ಚೊಲೋ ಆತು, ಪಿಲ್ಲರ್ ಉಳಿಸಬಹುದು. ಕತ್ತರಿಸೋ ಮುಂಚೆ ಅಡ್ಡ ಪೈಪ್ ಹಾಕ್ಯಾರಾ ಅಂತ ನೀವೇ ನಿಂತು ನೋಡ್ರಿ, ಫೋಟೋ ಕಳಸ್ರಿ. ಇಲ್ಲಾಂದ್ರ ಕೆಲಸ ನಿಲ್ಲಿಸ್ರಿ.

ವಸೈ: ಆಯ್ತು ಸರ್. ಫ್ಲ್ಯಾಟ್‌ಬೆಡ್‌ಗೆ ಹೇಳುತ್ತೇನೆ.

ಐರೋಲಿ: ಸರ್, ಮೇಲೆ ಎಂದರೆ ಎಲ್ಲಿ? ಸಿಗುತ್ತಿಲ್ಲ.

ಠಾಣೆ: ರೇಟ್ ಸರ್?