ಪದಚರ್ಚೆ: ಹಾಡಿನ ‘ಸ್ಯಾಂಪಲ್’ಗೆ ಏನನ್ನೋಣ? ಮಾದರಿ, ಎರವಲು, ಹೆಪ್ಪು, ಸೊಲ್ಲು…

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಹದಿನೈದು ದಿನವಾಯಿತು, ದಯವಿಟ್ಟು ಬಿಡಿಸಿಕೊಡಿ. ನನ್ನ ಸ್ನೇಹಿತರೊಬ್ಬರು ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವವರು. ಎರಡು ವರ್ಷ ಬಿಡುವಾದಾಗಲೆಲ್ಲ ರೆಕಾರ್ಡರ್ ಹಿಡಿದು ಕೊಳ್ಳೇಗಾಲ, ಚಾಮರಾಜನಗರದ ಕಡೆ ಸುತ್ತಿದರು. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಹಾಡಿಕೆ, ಏಕತಾರಿ ಮೀಟುವವರ ತತ್ವಪದ, ಸಂತೆಯ ಗದ್ದಲ, ಸಿಕ್ಕಿದ್ದೆಲ್ಲ ತುಂಬಿಕೊಂಡು ಬಂದರು. ಅದನ್ನು ಸಿಂಥಸೈಜರ್, ಡ್ರಮ್ ಮಷೀನುಗಳ ಜೊತೆ ಸೇರಿಸಿ ಆರು ಹಾಡಿನ ಆಲ್ಬಮ್ ಮಾಡಿದ್ದಾರೆ. ಜೊತೆಗೆ ಬರುವ ಎಂಟು ಪುಟದ ಹೊತ್ತಿಗೆಯನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಮೊದಲ ಪುಟದ ಎರಡನೆಯ ಸಾಲಿನಲ್ಲೇ ಗಾಡಿ ನಿಂತಿತು: ‘ಈ ಹಾಡಿನಲ್ಲಿ ಬಳಸಿರುವ ಸ್ಯಾಂಪಲ್…’ ಬೇರೆ ಕಡೆ ಮುದ್ರಿಸಿದ ದನಿಯ ಚೂರನ್ನು ತಂದು ಹೊಸ ಹಾಡಿನೊಳಗೆ ಇಟ್ಟರೆ ಆ ಚೂರಿಗೆ ಹಾಗೆನ್ನುತ್ತಾರೆ.

ನಿಘಂಟು ಕೊಟ್ಟದ್ದು ‘ಮಾದರಿ’. ‘ನೀಲಗಾರರ ದನಿಯ ಮಾದರಿಗಳನ್ನು ಬಳಸಲಾಗಿದೆ’ ಎಂದು ಬರೆದೆ. ಓದಿದರೆ ಯಾರೋ ಮಿಮಿಕ್ರಿಯವರು ನೀಲಗಾರರ ಹಾಗೆ ಹಾಡಿದ್ದಾರೆ ಅನ್ನಿಸುತ್ತದೆ. ಮಾದರಿ ಶಾಲೆ, ಮಾದರಿ ಪ್ರಶ್ನೆಪತ್ರಿಕೆ, ಮಾದರಿ ರೈತ: ಮಾದರಿ ಅಂದರೆ ಇದರಂತೆ ಇನ್ನೊಂದು ಆಗಲಿ ಎಂದು ಮುಂದಿಟ್ಟದ್ದು. ಇಲ್ಲಿರುವುದು ದನಿಯ ಮಾದರಿಯಲ್ಲ, ದನಿಯೇ. ಸರಿ, ಸ್ಯಾಂಪಲ್ ಅಂತಲೇ ಇಟ್ಟುಬಿಡೋಣ ಎಂದರೆ ಆ ಪದ ನಮ್ಮಲ್ಲಿ ಈಗಾಗಲೇ ಎರಡು ಕಡೆ ಸಂಸಾರ ಹೂಡಿದೆ. ಒಂದು ಲ್ಯಾಬು: ‘ಬೆಳಿಗ್ಗೆ ಖಾಲಿ ಹೊಟ್ಟೇಲಿ ಬಂದು ಸ್ಯಾಂಪಲ್ ಕೊಡಿ’. ಇನ್ನೊಂದು ಅರಳಿಕಟ್ಟೆ: ‘ಎಂಥಾ ಸ್ಯಾಂಪಲ್ ಮಾರಾಯ ಅವನು!’ ಎಪ್ಪತ್ತು ದಾಟಿದ ಹಾಡುಗಾರರ ಹೆಸರಿನ ಪಕ್ಕ ಎರಡೂ ಬೇಡ.

ಇಂಗ್ಲಿಷಿನಲ್ಲಿ ಈ ಪದ ಸಂಗೀತಕ್ಕೆ ಬಂದ ದಾರಿ ನೋಡಿದರೆ ‘ಮಾದರಿ’ ಇನ್ನೂ ದೂರ ಸರಿಯುತ್ತದೆ. ದನಿಯನ್ನು ಡಿಜಿಟಲ್ ಆಗಿ ಹಿಡಿಯುವಾಗ ಅದರ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಯಾಗಿ ಬರೆದಿಡುತ್ತಾರೆ, ಸಿ.ಡಿ.ಯಲ್ಲಾದರೆ 44,100 ಸಲ. ಆ ಒಂದೊಂದು ಅಳತೆಯೇ ಸ್ಯಾಂಪಲ್. 1979ರಲ್ಲಿ ಸಿಡ್ನಿಯಲ್ಲಿ ತಯಾರಾದ ಫೇರ್‌ಲೈಟ್ ಎಂಬ ಯಂತ್ರ ಹೊರಗಿನ ದನಿಯನ್ನು ಹೀಗೆ ಅಳೆದಿಟ್ಟುಕೊಂಡು, ಕೀಲಿಮಣೆಯ ಮೇಲೆ ಬೇಕಾದ ಸ್ವರದಲ್ಲಿ ನುಡಿಸತೊಡಗಿತು. ಅಲ್ಲಿಂದ ಅಳತೆಯ ಹೆಸರೇ ಅಳೆದದ್ದಕ್ಕೂ ಅಂಟಿತು. ನಮ್ಮಲ್ಲೂ ಹೊಸ ಸೊಸೆ ಸೇರು ಒದ್ದು ಒಳಗೆ ಬರುತ್ತಾಳೆ. ಅವಳು ಒದೆಯುವುದು ಅಳತೆಯನ್ನಲ್ಲ, ಪಾತ್ರೆಯನ್ನು.

ಪದಕ್ಕಿಂತ ಕೆಲಸ ಹಳೆಯದು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 1944ರಲ್ಲಿ ಕೈರೋದ ಹಲೀಮ್ ಎಲ್-ದಬ್ಹ್ ಎಂಬ ಯುವಕ ತಂತಿಯ ಮೇಲೆ ದನಿ ಹಿಡಿಯುವ ರೆಕಾರ್ಡರನ್ನು ಕಡ ತಂದು, ಹೆಂಗಸರು ನಡೆಸುವ ‘ಝಾರ್’ ಎಂಬ ಆಚರಣೆಯ ಹಾಡನ್ನು ಹಿಡಿದ. ದೆವ್ವ ಬಿಡಿಸುವ, ಮೈಮೇಲೆ ಬರುವಂಥ ಆಚರಣೆ ಅದು. ಆಮೇಲೆ ರೇಡಿಯೊ ಸ್ಟುಡಿಯೊದಲ್ಲಿ ಕೂತು ಆ ಹಾಡಿಗೆ ಮಾರ್ದನಿ ಸೇರಿಸಿ, ಮಾತಿನ ಅಂಚುಗಳನ್ನು ಸವೆಸಿ, ಬರೀ ಅನುರಣನ ಉಳಿಯುವ ಹಾಗೆ ಮಾಡಿದ. ಎಲೆಕ್ಟ್ರಾನಿಕ್ ಸಂಗೀತದ ಮೊಟ್ಟಮೊದಲ ಕೃತಿಗಳಲ್ಲಿ ಅದೊಂದು ಎಂದು ಈಗ ಹೇಳುತ್ತಾರೆ. ಅಂದರೆ ಈ ಬಗೆಯ ಸಂಗೀತ ಹುಟ್ಟಿದ್ದೇ ಊರವರ ಹಾಡನ್ನು ಹಿಡಿದು ತಂದು. ಆಗ ಅದನ್ನು ಯಾರೂ ಸ್ಯಾಂಪಲ್ ಅನ್ನಲಿಲ್ಲ. ಹಾಗಾಗಿ ಆ ಪದಕ್ಕೆ ಜೋತುಬೀಳುವ ಹಂಗು ನಮಗಿಲ್ಲ.

ನನ್ನ ಹಾಳೆಯಲ್ಲಿ ಈಗ ಉಳಿದಿರುವ ಪದಗಳು ಇವು.

‘ತುಣುಕು’ ಯಾರಿಗೂ ನೋವು ಮಾಡದ ಪದ, ಆದರೆ ಸಪ್ಪೆ. ವಿಡಿಯೊ ತುಣುಕು ಅಂದಂತೆ ಆಯಿತು. ಎಲ್ಲಿಂದಲೋ ತಂದದ್ದು ಅನ್ನುವ ಸುಳಿವೇ ಅದರಲ್ಲಿಲ್ಲ.

‘ಎರವಲು’ ನನಗೆ ಹಿಡಿಸಿದೆ. ಭಾಷೆಯಲ್ಲಿ ಎರವಲು ಪದ ಇರುವಾಗ ಹಾಡಿನಲ್ಲಿ ‘ಎರವಲು ದನಿ’ ಯಾಕಿರಬಾರದು? ಒಂದೇ ತಕರಾರು: ಎರವಲು ತಂದದ್ದನ್ನು ವಾಪಸು ಕೊಡಬೇಕು. ಮದುವೆಗೆ ಎರವಲು ತಂದ ಸರ ಮಾರನೆಯ ದಿನ ಹಿಂದಕ್ಕೆ ಹೋಗಲೇಬೇಕು. ದನಿಯನ್ನು ಹಿಂದಿರುಗಿಸುವುದು ಹೇಗೆ? ಆದರೆ ‘ಮೇಜು’, ‘ಕುರ್ಚಿ’ಯನ್ನು ನಾವು ಯಾರಿಗೂ ಹಿಂದಿರುಗಿಸಿಲ್ಲವಲ್ಲ, ಆದರೂ ಅವು ಎರವಲು ಪದಗಳೇ.

‘ಹೆಪ್ಪು’ ಸೂಚಿಸಿದವರು ನನ್ನ ಅತ್ತೆಯವರು. ಪಕ್ಕದ ಮನೆಯಿಂದ ಒಂದು ಚಮಚ ಮೊಸರು ಇಸಕೊಂಡು ಬಂದರೆ ಒಂದು ಪಾತ್ರೆ ಹಾಲು ಹೆಪ್ಪಾಗುತ್ತದೆ, ಕೊಟ್ಟವರ ಮನೆಯಲ್ಲೂ ಏನೂ ಕಮ್ಮಿಯಾಗುವುದಿಲ್ಲ. ಕೇಳಿದ ತಕ್ಷಣ ಎಷ್ಟು ಚೆಂದ ಅನ್ನಿಸಿತು! ರಾತ್ರಿ ಕೂತು ಯೋಚಿಸಿದೆ. ಹೆಪ್ಪು ಹಾಕಿದರೆ ಇಡೀ ಪಾತ್ರೆ ಆ ಮನೆಯ ಮೊಸರೇ ಆಗುತ್ತದೆ. ಇಲ್ಲಿ ಹಾಡು ಪೂರ್ತಿ ನೀಲಗಾರರದ್ದಾಗುವುದಿಲ್ಲ, ಡ್ರಮ್ಮು ಡ್ರಮ್ಮಾಗಿಯೇ, ದನಿ ದನಿಯಾಗಿಯೇ ಇರುತ್ತದೆ. ಹಾಗೆ ನೋಡಿದರೆ ‘ಕಸಿ’ ಹತ್ತಿರ: ಕಾಡುಮಾವಿನ ಬೇರಿಗೆ ರಸಪುರಿಯ ಕುಡಿ. ‘ಫ್ಯೂಷನ್’ಗೆ ಪತ್ರಿಕೆಯವರು ಬರೆಯುವ ‘ಸಮ್ಮಿಳನ’ಕ್ಕಿಂತ ‘ಕಸಿ ಸಂಗೀತ’ ಸಾವಿರ ಪಾಲು ವಾಸಿ. ಆದರೆ ಅದು ಇಡೀ ಕೆಲಸದ ಹೆಸರಾಗಬಹುದು, ತಂದ ಕುಡಿಯದ್ದಲ್ಲ.

ಈಗ ‘ಲೂಪ್’, ಅಂದರೆ ಒಂದೇ ಚೂರನ್ನು ಯಂತ್ರದಲ್ಲಿ ಮತ್ತೆ ಮತ್ತೆ ತಿರುಗಿಸುವುದು. ಇಲ್ಲೇ ನನ್ನ ಅಸಲು ಜಗಳ. ನೀಲಗಾರರು ಮಂಟೇಸ್ವಾಮಿ ಕಾವ್ಯ ಹಾಡುವಾಗ ಮುಂದಾಳು ತಂಬೂರಿ ಮೀಟುತ್ತ ಕಥೆ ನಡೆಸುತ್ತಾನೆ. ಹಿಮ್ಮೇಳದವರು ಡಕ್ಕೆ, ಗಗ್ಗರದ ಜೊತೆ ಪ್ರತಿ ನಿಲುಗಡೆಗೂ ಒಂದೇ ಸಾಲು ಹಿಡಿಯುತ್ತಾರೆ. ಅದಕ್ಕೆ ‘ಸೊಲ್ಲು’ ಎನ್ನುತ್ತಾರೆ. ‘ಸೊಲ್ಲೆತ್ತಬೇಡ’ ಅನ್ನುವಾಗ ಅದು ಮಾತು, ಇಲ್ಲಿ ಅದು ಮತ್ತೆ ಮತ್ತೆ ಬರುವ ಪಲ್ಲವಿ. ಲೂಪ್‌ಗೆ ಇದಕ್ಕಿಂತ ಒಳ್ಳೆಯ ಪದ ಎಲ್ಲಿದೆ ಎಂದು ಬೀಗಿದೆ. ‘ಕುಣಿಕೆ’ ಅಂದರೆ ಕತ್ತಿಗೆ ಬೀಳುವಂತಿದೆ, ‘ಆವರ್ತ’ ಅಂದರೆ ಕಛೇರಿಯವರು ತಾಳ ಹಾಕಲು ಶುರುಮಾಡುತ್ತಾರೆ.

ಸ್ನೇಹಿತರು ಆ ಸೊಲ್ಲಿನ ನಾಲ್ಕು ಸೆಕೆಂಡು ಕತ್ತರಿಸಿ ಮೂವತ್ತೆರಡು ಸಲ ಜೋಡಿಸಿದ್ದರು. ಪರದೆಯ ಮೇಲೆ ತೋರಿಸಿದರು. ದನಿ ನೀಲಿ ಗುಡ್ಡದ ಸಾಲಿನ ಹಾಗೆ ಕಾಣುತ್ತದೆ, ಎರಡು ಗುಡ್ಡದ ನಡುವೆ ಸಣ್ಣ ಹುಲ್ಲಿನ ಹಾಗೆ ಒಂದು ಗೀರು. ಅದು ಉಸಿರು. ಡ್ರಮ್ಮಿನ ಪೆಟ್ಟಿಗೆ ಅಡ್ಡ ಬರುತ್ತದೆಂದು ಅದನ್ನು ಅಳಿಸಿಬಿಟ್ಟಿದ್ದರು. ಅದೇ ಹಾಡನ್ನು ಊರಿಗೆ ತೆಗೆದುಕೊಂಡು ಹೋಗಿ ಹಾಡಿದವರಿಗೆ ಕೇಳಿಸಿದರು, ನಾನೂ ಜೊತೆಗಿದ್ದೆ. ಜಗಲಿಯ ಮೇಲೆ ಕೂತು ಹೆಡ್‌ಫೋನ್ ಹಾಕಿಸಿಕೊಂಡು ಹಿರಿಯರು ಮೊದಲು ತಲೆದೂಗಿದರು, ಬೆರಳಲ್ಲಿ ತಂಬೂರಿ ಮೀಟಿದರು. ಆಮೇಲೆ ಹುಬ್ಬು ಗಂಟಾಯಿತು. ‘ಚೆನ್ನಾಗದ ಕನಪ್ಪ. ಆದ್ರ ಇಂವ ಉಸ್ರೇ ತಕ್ಕಳ್ನಿಲ್ವಲ್ಲ!’

ಅವರಿಗೆ ಸೊಲ್ಲು ಅಂದರೆ ಒಂದೇ ಸಾಲು ನಿಜ, ಆದರೆ ಒಂದೇ ಸಲದ್ದಲ್ಲ. ಹಿಮ್ಮೇಳದ ಮೂವರಲ್ಲಿ ಒಬ್ಬ ಒಂದು ಸಲ ತಡವಾಗಿ ಬರುತ್ತಾನೆ, ಇನ್ನೊಂದು ಸಲ ಮುಂದಾಳು ಅದು ಮುಗಿಯುವ ಮೊದಲೇ ಮೇಲೆ ಬೀಳುತ್ತಾನೆ, ನಡುರಾತ್ರಿ ಕಳೆದ ಮೇಲೆ ಎಲ್ಲರ ದನಿಯೂ ದಪ್ಪವಾಗುತ್ತದೆ. ಆ ಮಾತು ಕೇಳಿದ ಮೇಲೆ ಸ್ನೇಹಿತರು ಅಳಿಸಿದ್ದ ಉಸಿರನ್ನು ಮತ್ತೆ ತಂದು ಕೂರಿಸಿದರು. ನಾನು ಹೊತ್ತಿಗೆಯಲ್ಲಿ ಲೂಪ್‌ಗೆ ಬರೆದಿದ್ದ ‘ಸೊಲ್ಲು’ ಹೊಡೆದುಹಾಕಿ ‘ಸುತ್ತು’ ಎಂದು ಬರೆದೆ. ಮನುಷ್ಯರು ಹಿಡಿದರೆ ಸೊಲ್ಲು, ಯಂತ್ರ ತಿರುಗಿಸಿದರೆ ಸುತ್ತು. ಇದು ಅತಿಯಾಯಿತು ಅನ್ನುವವರು ಇದ್ದರೆ ಹೇಳಿ.

(ನಡುವೆ ಎರಡು ಸಣ್ಣ ಪದ. ಹಾಡಿನುದ್ದಕ್ಕೂ ಒಂದೇ ಸಮನೆ ನಿಲ್ಲುವ ಸ್ವರಕ್ಕೆ ‘ಡ್ರೋನ್’ ಎಂದು ಬರೆಯುವ ಹಾಗಿಲ್ಲ, ಮದುವೆಮನೆಯಲ್ಲಿ ತಲೆಯ ಮೇಲೆ ಹಾರುವ ಕ್ಯಾಮೆರಾ ನೆನಪಾಗುತ್ತದೆ. ‘ಶ್ರುತಿ’ ಇದ್ದೇ ಇದೆ. ಜಾನಪದದವರ ‘ಕ್ಷೇತ್ರಕಾರ್ಯ’ದ ಜಾಡಿನಲ್ಲಿ ‘ಕ್ಷೇತ್ರ ಧ್ವನಿಮುದ್ರಣ’ ಎಂದು ಬರೆದಿದ್ದೆ. ಓದಿದ ಒಬ್ಬರು ‘ಯಾವ ಕ್ಷೇತ್ರ? ಧರ್ಮಸ್ಥಳವೋ, ಹನೂರು ವಿಧಾನಸಭೆಯೋ?’ ಎಂದರು. ‘ಊರಲ್ಲೇ ಮಾಡಿದ ಮುದ್ರಣ’ ಎಂದು ಬದಲಿಸಿದೆ.)

ಇನ್ನು ಕ್ರಿಯಾಪದ. ಸ್ಟುಡಿಯೊದಲ್ಲಿ ಸ್ನೇಹಿತರ ಬಾಯಲ್ಲಿ ಬರುವುದು ಎರಡೇ: ‘ಇಲ್ಲಿಂದ ಎತ್ತಿದೆ, ಇಲ್ಲಿ ಕೂರಿಸಿದೆ’. ‘ಕೂರಿಸು’ ಒಳ್ಳೆಯ ಪದ, ಟ್ಯೂನಿಗೆ ಸಾಹಿತ್ಯ ಕೂರಿಸುವುದು ಗಾಂಧಿನಗರದಲ್ಲಿ ದಿನದ ಮಾತು. ‘ಎತ್ತು’ ಮಾತ್ರ ತುಂಟ ಪದ. ಆರತಿ ಎತ್ತುತ್ತೇವೆ, ದನಿ ಎತ್ತುತ್ತೇವೆ, ಮಗು ಎತ್ತಿಕೊಳ್ಳುತ್ತೇವೆ. ಜೇಬಿನಿಂದ ಪರ್ಸೂ ಎತ್ತುತ್ತಾರೆ. ‘ಟ್ಯೂನ್ ಎತ್ತಿದ್ದಾನೆ’ ಅಂದರೆ ಕದ್ದಿದ್ದಾನೆ ಎಂದೇ ಅರ್ಥ.

ಈ ಅರ್ಥಕ್ಕೆ ತಕ್ಕ ಕಥೆಗಳು ಲೋಕದಲ್ಲಿ ನಡೆದೂ ಇವೆ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಮಲೈಟ ಎಂಬ ದ್ವೀಪ. 1970ರ ಸುಮಾರಿಗೆ ಸಂಗೀತಶಾಸ್ತ್ರಜ್ಞ ಹ್ಯೂಗೊ ಝೆಂಪ್ ಅಲ್ಲಿ ಅಫುನಕ್ವಾ ಎಂಬ ಹೆಂಗಸಿನಿಂದ ‘ರೊರೊಗ್ವೆಲ’ ಎಂಬ ಜೋಗುಳ ಮುದ್ರಿಸಿದರು. ತಬ್ಬಲಿಯಾದ ಪುಟ್ಟ ತಮ್ಮನನ್ನು ಸಮಾಧಾನ ಮಾಡುವ ಹಾಡು. ಅದು ಯುನೆಸ್ಕೊದ ಸರಣಿಯಲ್ಲಿ ಗ್ರಾಮಾಫೋನ್ ತಟ್ಟೆಯಾಗಿ ಬಂತು. 1992ರಲ್ಲಿ ಡೀಪ್ ಫಾರೆಸ್ಟ್ ಎಂಬ ಫ್ರೆಂಚ್ ಜೋಡಿ ಆ ದನಿಗೆ ಡ್ರಮ್ಮು, ಸಿಂಥು ಕೂರಿಸಿತು, ಹಾಡು ಲೋಕವೆಲ್ಲ ಸುತ್ತಿತು. ಆದರೆ ಆಲ್ಬಮ್ಮಿನ ಗುಂಗೆಲ್ಲ ಆಫ್ರಿಕದ ಕಾಡಿನ ಪಿಗ್ಮಿಗಳದ್ದು. ಹಾಗಾಗಿ 1996ರಲ್ಲಿ ನಾರ್ವೆಯ ಸ್ಯಾಕ್ಸೊಫೋನ್ ವಾದಕ ಯಾನ್ ಗಾರ್ಬರೆಕ್ ಅದೇ ರಾಗವನ್ನು ನುಡಿಸಿ ‘ಪಿಗ್ಮಿ ಜೋಗುಳ’ ಎಂದೇ ಹೆಸರಿಟ್ಟರು. ದನಿ ಎತ್ತಿದಾಗ ಊರೂ ಬದಲಾಯಿತು, ಹೆಸರೂ ಹೋಯಿತು. ಎನಿಗ್ಮ ತಂಡದ್ದೂ ಇದೇ ಕಥೆ. ತೈವಾನಿನ ಅಮಿಸ್ ಬುಡಕಟ್ಟಿನ ದಿಫಾಂಗ್ ಮತ್ತು ಅವರ ಹೆಂಡತಿ ಇಗೇ 1988ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಅವರ ಹಾಡನ್ನು ಮುದ್ರಿಸಿಕೊಂಡಿದ್ದರು. ಆ ದನಿ ಎನಿಗ್ಮದ ಹಾಡಿಗೆ ಏರಿತು, 1996ರ ಅಟ್ಲಾಂಟ ಒಲಿಂಪಿಕ್ಸ್‌ನ ಪ್ರಚಾರಕ್ಕೂ ಹೋಯಿತು, ಹಾಡಿದವರಿಗೆ ಗೊತ್ತೇ ಇಲ್ಲ. ಕೋರ್ಟು ಮೆಟ್ಟಿಲೇರಿ 1999ರಲ್ಲಿ ರಾಜಿಯಾದ ಮೇಲೆ ಅವರ ಹೆಸರು ಸೇರಿತು.

ಇದರಿಂದ ಕೊನೆಯ ಪದಕ್ಕೆ ಬರುತ್ತೇನೆ: ‘ಕ್ರೆಡಿಟ್’. ಪತ್ರಿಕೆಯವರು ಫೋಟೊ ಕೆಳಗೆ ‘ಕೃಪೆ’ ಎಂದು ಹಾಕುತ್ತಾರೆ. ನನಗೆ ಅದು ಸೇರುವುದಿಲ್ಲ. ಹಾಡಿದ್ದು ಅವರು, ಅವರದೇ ದನಿ, ಅದರಲ್ಲಿ ಕೃಪೆ ಎಲ್ಲಿಂದ ಬಂತು? ನನಗೆ ಹೊಳೆದದ್ದು ‘ಅಂಕಿತ’. ವಚನದ ಕೊನೆಗೆ ಕೂಡಲಸಂಗಮದೇವ ಬರುತ್ತಾನೆ, ಶರೀಫರ ಪದದ ಕೊನೆಗೆ ಶಿಶುನಾಳಧೀಶ ಬರುತ್ತಾನೆ. ಪದದ ಒಡೆಯ ಯಾರೆಂದು ಪದವೇ ಹೇಳುತ್ತದೆ. ಧ್ವನಿಮುದ್ರಣದಲ್ಲೂ ಇದು ಆಗಿದೆ. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಾಫೋನ್ ತುತ್ತೂರಿಯ ಮುಂದೆ ಹಾಡಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳಿದರು. ಜರ್ಮನಿಯ ಕಾರ್ಖಾನೆಯವರಿಗೆ ತಟ್ಟೆ ಯಾರದೆಂದು ತಿಳಿಯಲಿ ಎಂದು. (ಆ ಗೌಹರ್ ಜಾನ್ 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲೇ, ಅರಮನೆಯ ಆಶ್ರಯದಲ್ಲಿದ್ದಾಗ.) ಎತ್ತುವವರು ನಡುವಿನ ಚರಣವನ್ನೇ ಎತ್ತುತ್ತಾರೆ, ಕೊನೆಯ ಸಾಲು ಕತ್ತರಿಯ ಆಚೆಗೆ ಬೀಳುತ್ತದೆ. ನಮ್ಮ ಆಲ್ಬಮ್ಮಿನ ತತ್ವಪದದಲ್ಲೂ ಹಾಗೆಯೇ ಆಗಿದೆ, ಅಂಕಿತದ ಸಾಲೇ ಇಲ್ಲ. ಹಾಗಾಗಿ ಹೊತ್ತಿಗೆಯಲ್ಲಿ ಹಾಡಿದವರ, ಮೇಳದ, ಊರಿನ ಹೆಸರಿರುವ ಪುಟಕ್ಕೆ ‘ಅಂಕಿತ’ ಎಂದು ತಲೆಬರಹ ಕೊಡಬೇಕೆಂದಿದ್ದೇನೆ. ಇದು ದೇವರ ಹೆಸರಿಗಷ್ಟೇ ಸಲ್ಲುವ ಪದ, ಮನುಷ್ಯರಿಗೆ ಹೊಂದದು ಎಂದು ಒಬ್ಬ ಹಿರಿಯರು ಆಕ್ಷೇಪಿಸಿದ್ದಾರೆ. ಸರ್ಕಾರಿ ಕಾಗದಗಳಲ್ಲಿ ‘ಅಂಕಿತ ಹಾಕು’ ಎಂದು ರುಜುವಿಗೂ ಬಳಸುತ್ತೇವಲ್ಲ ಎಂದು ನನ್ನ ವಾದ.

ಬಲ್ಲವರು ಹೇಳಬೇಕಾದದ್ದು ಇಷ್ಟು. ‘ಎರವಲು ದನಿ’ ನಿಮ್ಮ ಕಿವಿಗೆ ಹೇಗೆ ಬೀಳುತ್ತದೆ, ಹಂಗಿನ ದನಿ ಅನ್ನಿಸುತ್ತದೆಯೇ? ಉತ್ತರ ಕರ್ನಾಟಕದ ಚೌಡಿಕೆ ಮೇಳದಲ್ಲಿ ಹಿಮ್ಮೇಳದವರು ಮತ್ತೆ ಮತ್ತೆ ಹಿಡಿಯುವ ಸಾಲಿಗೆ ಏನನ್ನುತ್ತಾರೆ? ಕರಾವಳಿ, ಮಲೆನಾಡಿನ ಕಡೆ ಬೇರೆ ಪದ ಇದೆಯೇ? ‘ಅಂಕಿತ’ದ ಬಗ್ಗೆ ಜಗಳ ಮಾಡುವವರು ಧಾರಾಳವಾಗಿ ಮಾಡಿ, ಆದರೆ ಬದಲಿ ಪದವನ್ನೂ ಕೊಡಿ. ಅಚ್ಚಿನವರು ಹೊತ್ತಿಗೆ ಕೇಳಿರುವುದು ತಿಂಗಳ ಕೊನೆಗೆ. ಮೊದಲ ಪುಟದ ಎರಡನೆಯ ಸಾಲಿನಲ್ಲಿ ಸದ್ಯಕ್ಕೆ ಪೆನ್ಸಿಲಿನಲ್ಲಿ ‘ಎರವಲು’ ಎಂದು ಬರೆದಿಟ್ಟಿದ್ದೇನೆ.